ಅರ್ಧಕ್ಕೇ ಮುಚ್ಚಿದ ಪುಸ್ತಕ

ಮೊನ್ನೆ ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೋದಲ್ಲಿ ಇಂದಿರಾನಗರ ದಾಟುವಷ್ಟರಲ್ಲಿ ಒಂದು ದಪ್ಪ ಫ್ಯಾಂಟಸಿ ಕಾದಂಬರಿಯನ್ನು 212ನೇ ಪುಟದಲ್ಲಿ ಮುಚ್ಚಿಬಿಟ್ಟೆ. ಮೂರು ವಾರದಿಂದ ಬ್ಯಾಗಿನಲ್ಲಿ ಹೊತ್ತು ತಿರುಗಿದ್ದೆ. ಏಳು ರಾಜ್ಯ, ಎರಡು ನಕಾಶೆ, ನೆನಪಲ್ಲಿ ಉಳಿಯದ ಹೆಸರುಗಳು. ಯಾರು ಸತ್ತರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಮೊದಲೆಲ್ಲ ಹೀಗೆ ಬಿಡುತ್ತಿರಲಿಲ್ಲ. ಅವೆನ್ಯೂ ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಹಳೇ ಪುಸ್ತಕವಾದರೂ ಸರಿ, ಕೊನೇ ಪುಟ ಮುಟ್ಟಲೇಬೇಕು. ತಟ್ಟೆಯಲ್ಲಿ ಅನ್ನ ಬಿಡಬಾರದು ಅಂತ ಅಮ್ಮ ಹೇಳುತ್ತಿದ್ದರಲ್ಲ, ಅದೇ ಅಭ್ಯಾಸ ಪುಸ್ತಕಕ್ಕೂ ಅಂಟಿಕೊಂಡಿತ್ತು.

ಹಾಗಂತ ಕಷ್ಟದ ಪುಸ್ತಕ ಬೇಡ ಅಂತಲ್ಲ. ಮರಳುಗಾಡಿನ ಗ್ರಹವೊಂದರ ಕತೆ ಹೇಳುವ 1965ರ ಇಂಗ್ಲಿಷ್ ಕಾದಂಬರಿ ‘ಡ್ಯೂನ್’ ಓದುವಾಗ ಮೊದಲ ಐವತ್ತು ಪುಟ ತಲೆಗೇ ಹೋಗಲಿಲ್ಲ. ಕೊನೆಯಲ್ಲಿ ಪದಗಳ ಅರ್ಥ ಕೊಟ್ಟಿದ್ದಾರೆ, ಅಲ್ಲಿ ಬೆರಳಿಟ್ಟುಕೊಂಡೇ ಓದಿದೆ. ಆದರೆ ಮೈ ಬೆವರನ್ನೂ ಸೋಸಿ ಕುಡಿಯುವ ನೀರು ಮಾಡುವ ಆ ಮರಳುಗಾಡಿನ ಉಡುಪು ಬಂತಲ್ಲ, ಅಲ್ಲಿಂದ ಕೆಳಗಿಡಲು ಆಗಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ನಮ್ಮ ಬೀದಿಯಲ್ಲಿ ಕೂತು ಓದಿದರೆ ಅದು ಬೇರೆ ಗ್ರಹದ ಕತೆ ಅನ್ನಿಸುವುದೇ ಇಲ್ಲ. ಇನ್ನು ತೇಜಸ್ವಿಯವರ ‘ಕರ್ವಾಲೊ’. 1980ರ ಪುಸ್ತಕ. ಒಂದು ಹಾರುವ ಓತಿಯ ಹಿಂದೆ ಮಲೆನಾಡಿನ ಕಾಡು ಹೊಕ್ಕವರು ಕೋಟ್ಯಂತರ ವರ್ಷಗಳ ಕಾಲದ ಎದುರು ನಿಂತುಬಿಡುತ್ತಾರೆ. ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ.

ಆ ಬೆರಗು ಇಲ್ಲದಿದ್ದರೆ ಸುಮ್ನೆ ಪುಟ ತಿರುಗಿಸಿ ಏನು ಬಂತು, ಅಲ್ವಾ?

ದಪ್ಪ ಪುಸ್ತಕವನ್ನು ಎದುರುಮನೆ ಹುಡುಗಿಗೆ ಕೊಟ್ಟೆ. ಅವಳಿಗೆ ತುಂಬಾ ಹಿಡಿಸಿದೆಯಂತೆ. ರಾತ್ರಿ ಹನ್ನೊಂದಾದರೂ ಲೈಟು ಆರಿರಲಿಲ್ಲ.