ಐಸ್ ಪ್ಲಾಂಟಿನ ರಿಜಿಸ್ಟರ್ ಓದಿದ ಎಐ

ಕಾರವಾರದಿಂದ ಹೊನ್ನಾವರದವರೆಗೆ, ಘಟ್ಟ ಹತ್ತಿದರೆ ಶಿರಸಿಯವರೆಗೆ, ಸಣ್ಣ ಕಾರ್ಖಾನೆಗಳ ಯಂತ್ರ ರಿಪೇರಿ ನನ್ನ ಹೊಟ್ಟೆಪಾಡು. ಬಂದರಿನ ಐಸ್ ಪ್ಲಾಂಟ್, ಕುಮಟಾ ಕಡೆಯ ಗೇರುಬೀಜದ ಕಾರ್ಖಾನೆ, ಶಿರಸಿಯ ಅಡಿಕೆ ಸುಲಿಯುವ ಯಂತ್ರ. ಇಲ್ಲೆಲ್ಲ ಮೇಂಟೆನೆನ್ಸ್ ಇಂಜಿನಿಯರ್ ಅಂತ ಯಾರೂ ಇರುವುದಿಲ್ಲ. ಮಾಲೀಕರೇ ಮ್ಯಾನೇಜರ್, ಆಪರೇಟರೇ ಫಿಟ್ಟರ್. ಏನಾದರೂ ಕೆಟ್ಟರೆ ನನಗೆ ಫೋನ್.

ಈಚೆಗೆ ಇವರ ಬಾಗಿಲಿಗೂ ಎಐ ಮಾರುವವರು ಬರುತ್ತಿದ್ದಾರೆ. ಮೋಟರಿಗೆ ನಡುಕ ಅಳೆಯುವ ಒಂದು ಸೆನ್ಸರ್ ಅಂಟಿಸಿದರೆ ಸಾಕು, ಬೇರಿಂಗ್ ಹೋಗುವ ಮೊದಲೇ ಮೊಬೈಲಿಗೆ ಮೆಸೇಜ್ ಬರುತ್ತದೆ ಅನ್ನುತ್ತಾರೆ. ಸುಳ್ಳೇನಲ್ಲ. 1440 ಆರ್‌ಪಿಎಂ ಮೋಟರ್ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. 8 ಗುಂಡಿನ ಬೇರಿಂಗಿನ ಹೊರ ರಿಂಗ್ ಸವೆದರೆ ಸೆಕೆಂಡಿಗೆ ಸುಮಾರು 77 ಸಲ, ಅಂದರೆ 77 ಹರ್ಟ್ಜ್‌ನಲ್ಲಿ ನಡುಕ ಏಳುತ್ತದೆ. ಅಷ್ಟಕ್ಕೆ ಎಐ ಕೂಡ ಬೇಡ, ಲೆಕ್ಕ ಗೊತ್ತಿದ್ದರೆ ಸಾಕು. ಆದರೆ ಅವರು ಮಾರುವುದು ತಾನೇ ಕಲಿತುಕೊಳ್ಳುವ ಸಿಸ್ಟಮ್. ಯಾವ ಲಕ್ಷಣ ಕಂಡರೆ ಏನು ಕೆಡುತ್ತದೆ ಅಂತ ಕಲಿಯಬೇಕಾದರೆ ಒಂದೇ ತರಹದ ಯಂತ್ರ ಹತ್ತಾರು ಸಲ ಕೆಟ್ಟಿರಬೇಕು. ನೂರಾರು ಮೋಟರ್ ಇರುವ ದೊಡ್ಡ ಕಾರ್ಖಾನೆಯಲ್ಲಿ ಅದು ಆಗುವ ಮಾತು. ಎರಡೇ ಕಂಪ್ರೆಸರ್ (ತಂಪು ಮಾಡುವ ಅನಿಲವನ್ನು ಒತ್ತುವ ಯಂತ್ರ) ಇರುವ ನಮ್ಮ ಐಸ್ ಪ್ಲಾಂಟಿನಲ್ಲಿ ಒಂದು ದೊಡ್ಡ ರಿಪೇರಿಗೂ ಇನ್ನೊಂದಕ್ಕೂ ನಡುವೆ ವರ್ಷಗಳೇ ಹೋಗುತ್ತವೆ. ಅದು ಕಲಿಯುವುದಾದರೂ ಯಾವುದರಿಂದ? ಇನ್ನು ನಮ್ಮ ಉಪ್ಪುಗಾಳಿಗೆ ಬೇರಿಂಗಿಗಿಂತ ಮೊದಲು ಸೆನ್ಸರಿನ ಕನೆಕ್ಟರೇ ತುಕ್ಕು ಹಿಡಿಯುತ್ತದೆ, ಅದು ಬೇರೆ ಮಾತು.

ನನಗೆ ಎಐ ಕೆಲಸಕ್ಕೆ ಬಂದಿದ್ದು ರಿಜಿಸ್ಟರ್ ಓದಲು.

ಪ್ರತಿ ಐಸ್ ಪ್ಲಾಂಟಿನಲ್ಲೂ ಎಣ್ಣೆ ಕಲೆ ಬಿದ್ದ ಒಂದು ಉದ್ದ ಪುಸ್ತಕ ಇರುತ್ತದೆ. ಆಪರೇಟರ್ ಅದರಲ್ಲಿ ಸಕ್ಷನ್ (ಕಂಪ್ರೆಸರಿಗೆ ಬರುವ ಅನಿಲದ ಒತ್ತಡ), ಡಿಸ್ಚಾರ್ಜ್ (ಅಲ್ಲಿಂದ ಹೊರಡುವ ಅನಿಲದ ಒತ್ತಡ), ಐಸ್ ಕಟ್ಟುವ ಉಪ್ಪುನೀರಿನ ತೊಟ್ಟಿಯ (ಬ್ರೈನ್ ಟ್ಯಾಂಕ್) ಉಷ್ಣತೆ, ಮೋಟರ್ ಎಳೆಯುವ ಕರೆಂಟು (ಆಂಪ್ಸ್) ಎಲ್ಲ ಬರೆದಿಡುತ್ತಾನೆ. ಬರೆಯುವುದು ಅಷ್ಟೇ, ಯಾರೂ ಓದುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳು ದಡ ಸೇರುತ್ತವೆ, ಐಸಿಗೆ ಗಿರಾಕಿ ಕಡಿಮೆ, ಆಗಲೇ ಯಂತ್ರ ಪೂರ್ತಿ ಬಿಚ್ಚಿ ಸರಿಪಡಿಸುವ ನನ್ನ ಓವರ್‌ಹಾಲ್ ಸೀಸನ್. ಒಂದು ಮಳೆಗಾಲದಲ್ಲಿ ಒಂದು ಪ್ಲಾಂಟಿನ ರಿಜಿಸ್ಟರ್ ಪುಟಗಳ ಫೋಟೋ ತೆಗೆದು ಎಐಗೆ ಕೊಟ್ಟು ಟೇಬಲ್ ಮಾಡಿಸಿದೆ. ಕೈಬರಹದ 1 ಮತ್ತು 7 ಅದಲುಬದಲಾಗುತ್ತವೆ, ಒಂದೊಂದು ಪುಟವನ್ನೂ ನಾನೇ ತಾಳೆ ನೋಡಬೇಕು. ಆದರೂ ಸುಮ್ನೆ ಪುಟ ತಿರುಗಿಸಿದರೆ ಕಾಣದ ಒಂದು ಸಂಗತಿ ಗ್ರಾಫಿನಲ್ಲಿ ಎದ್ದು ಕಂಡಿತು.

ಡಿಸ್ಚಾರ್ಜ್ ಪ್ರೆಶರ್ ಜನವರಿಯಿಂದ ಮೇವರೆಗೆ ನಿಧಾನಕ್ಕೆ ಏರಿತ್ತು. ಇಲ್ಲಿ ತಂಪು ಮಾಡುವ ಅನಿಲ ಅಮೋನಿಯಾ; ಅದು ಕಂಡೆನ್ಸರಿನಲ್ಲಿ (ನೀರಿನ ಟ್ಯೂಬುಗಳಿಂದ ಅನಿಲ ತಣಿಸುವ ಭಾಗ) 35 ಡಿಗ್ರಿಯಲ್ಲಿ ದ್ರವವಾಗುತ್ತಿದ್ದರೆ ಗೇಜಿನಲ್ಲಿ ಸುಮಾರು 180 ಪಿಎಸ್‌ಐ ಇರಬೇಕು. 40 ಡಿಗ್ರಿಗೆ 210. ಇಲ್ಲಿ ತಂಪಾದ ರಾತ್ರಿಯಲ್ಲೂ 210 ದಾಟಿತ್ತು. ಮಾಲೀಕರು ಕಂಪ್ರೆಸರಿಗೆ ವಯಸ್ಸಾಯಿತು ಅಂದುಕೊಂಡು ಹೊಸದಕ್ಕೆ ರೇಟ್ ಕೇಳಿಯಾಗಿತ್ತು. ಹೆಚ್ಚಾಗಿ ಇದಕ್ಕೆ ಕಾರಣ ಎರಡರಲ್ಲಿ ಒಂದು: ಒಳಗೆ ಗಾಳಿ ಸೇರಿರಬೇಕು, ಇಲ್ಲವೇ ಕಂಡೆನ್ಸರ್ ಟ್ಯೂಬಿನಲ್ಲಿ ಸುಣ್ಣ ಕಟ್ಟಿರಬೇಕು. ಕಂಪ್ರೆಸರ್ ನಿಲ್ಲಿಸಿ ನೀರು ಮಾತ್ರ ಹರಿಯಲು ಬಿಟ್ಟೆವು. ಪ್ರೆಶರ್ ಇಳಿಯುತ್ತಾ ಬಂದು ನೀರಿನ ಉಷ್ಣತೆಯಲ್ಲಿ ಅಮೋನಿಯಾಕ್ಕೆ ಎಷ್ಟು ಇರಬೇಕೋ ಅಷ್ಟಕ್ಕೇ ಸರಿಯಾಗಿ ನಿಂತಿತು. ಗಾಳಿ ಇದ್ದಿದ್ದರೆ ಅದಕ್ಕಿಂತ ಮೇಲೆಯೇ ನಿಲ್ಲುತ್ತಿತ್ತು. ಅಂದರೆ ಸುಣ್ಣವೇ. ನಮ್ಮ ಕರಾವಳಿಯ ಬಾವಿ ನೀರಿಗೆ ಇದು ಹೊಸದಲ್ಲ. ಟ್ಯೂಬ್ ಉಜ್ಜಿ ತೆಗೆದೆವು, ಹಳೇ ಕಂಪ್ರೆಸರ್ ಈಗಲೂ ಓಡುತ್ತಿದೆ.

ಇದೇ ಎಐ ಇನ್ನೊಂದು ಕಡೆ ಗೇಜ್ ಲೈನ್ (ಪ್ರೆಶರ್ ಗೇಜಿಗೆ ಹೋಗುವ ಸಣ್ಣ ಪೈಪ್) ಬದಲಿಸಲು ತಾಮ್ರದ ಟ್ಯೂಬ್ ಹಾಕಿ ಅಂದಿತು! ತೇವ ಸೇರಿದ ಅಮೋನಿಯಾ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಅಮೋನಿಯಾ ಪ್ಲಾಂಟಿನಲ್ಲಿ ಪೈಪೆಲ್ಲ ಉಕ್ಕಿನದು. ತಾಮ್ರದ ಪೈಪ್ ಇರುವ ಮನೆಯ ಫ್ರಿಜ್, ಎಸಿ ಬಗ್ಗೆ ಬರೆದದ್ದನ್ನೇ ಅದು ಜಾಸ್ತಿ ಓದಿಕೊಂಡಿರಬೇಕು. ಎಲ್ಲಕ್ಕಿಂತ ಅಪಾಯ ಅಂದರೆ ಅದು ಹೇಳುವ ಧಾಟಿ. ಗೊತ್ತಿಲ್ಲ ಅನ್ನುವ ಅನುಮಾನ ಮಾತಿನಲ್ಲಿ ಇರುವುದೇ ಇಲ್ಲ. ಅದಕ್ಕೇ ಈಗ ನಾವು ಹಾಕಿದ ಕಡತಗಳಿಂದಲೇ ಉತ್ತರ ಕೊಡುವ ಗೂಗಲ್ಲಿನ ನೋಟ್‌ಬುಕ್‌ಎಲ್‌ಎಂನಲ್ಲಿ ಆಯಾ ಯಂತ್ರದ ಮ್ಯಾನುಯಲ್ ಮಾತ್ರ ಹಾಕಿ ಕೇಳುತ್ತೇನೆ. ಉತ್ತರ ಎಲ್ಲಿಂದ ಬಂತು ಅಂತ ಅದು ತೋರಿಸುತ್ತದೆ, ಅಲ್ಲಿಗೇ ಹೋಗಿ ಓದುತ್ತೇನೆ. ಆಪರೇಟರುಗಳಿಗೂ ಹೇಳಿಟ್ಟಿದ್ದೇನೆ: ಫೋನ್ ಏನೇ ಹೇಳಲಿ, ನನ್ನ ಕೇಳದೆ ಅಮೋನಿಯಾ ವಾಲ್ವ್ ಮುಟ್ಟಬೇಡಿ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಜೀವ ಹೋದವರ ಮುಂದೆ ನಮ್ಮ ತೊಂದರೆ ಏನೇನೂ ಅಲ್ಲ. ಆದರೆ ಕುಸಿದ ಜಾಗದ ಆಚೆಗಿರುವ ಕುಮಟಾ, ಹೊನ್ನಾವರದ ಗಿರಾಕಿಗಳಿಗೆ ನಾನು ಸಿಗದಂತಾದೆ. ಆಗ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಡ್ರೈಯರ್ ಫ್ಯಾನಿನ ಡ್ರೈವ್ (ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ಪದೇ ಪದೇ ಟ್ರಿಪ್ ಆಗತೊಡಗಿತು. ಆಪರೇಟರ್ ಡಿಸ್‌ಪ್ಲೇ ಫೋಟೋ ಕಳಿಸಿದ. ಮ್ಯಾನುಯಲಿನ ಇನ್ನೂರು ಚಿಲ್ಲರೆ ಪುಟಗಳಲ್ಲಿ ಆ ಕೋಡ್ ಹುಡುಕಿ ಕೊಟ್ಟಿದ್ದು ಎಐ: ಅಂಡರ್ ವೋಲ್ಟೇಜ್, ಅಂದರೆ ಬರುವ ವೋಲ್ಟೇಜ್ ಕಡಿಮೆ. ಮುಂದಿನದು ಹಳೇ ಅನುಭವ. ಅಲ್ಲಿಯ ಎಲೆಕ್ಟ್ರಿಷಿಯನ್ನಿಗೆ ಮೂರೂ ಫೇಸ್ ಅಳೆಯಲು ಹೇಳಿದೆ, ಒಂದು ಫ್ಯೂಸ್ ಹೋಗಿತ್ತು.

ಈಗಿನ ತಕರಾರು ಬಿಲ್ಲಿನದು. ಬೈಕಿನಲ್ಲಿ ಹೋಗಿ, ಪಾನಾ ಹಿಡಿದು, ಕೈ ಕಪ್ಪು ಮಾಡಿಕೊಂಡರೆ ದುಡ್ಡು ಕೊಡಲು ಯಾರೂ ಹಿಂಜರಿಯುವುದಿಲ್ಲ. ಫೋನಿನಲ್ಲೇ ಸರಿಯಾದರೆ, "ನೀವು ಬರಲೇ ಇಲ್ವಲ್ಲ ಮಾರಾಯ್ರೆ, ದುಡ್ಡು ಎಂತಕ್ಕೆ?" ಅಂತಾರೆ. ಅದಕ್ಕೆ ವರ್ಷದ ಕಾಂಟ್ರಾಕ್ಟ್ ಶುರು ಮಾಡಿದ್ದೇನೆ. ರಿಜಿಸ್ಟರ್ ಓದುವುದು, ಫೋನಿನಲ್ಲಿ ನೋಡುವುದು ಎಲ್ಲ ಅದರಲ್ಲೇ ಸೇರಿದೆ. ಐಸ್ ಪ್ಲಾಂಟಿನವರು ಒಪ್ಪಿದ್ದಾರೆ. ಗೇರುಬೀಜದವರು ಮಾತ್ರ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ, ಪೆಟ್ರೋಲ್ ಉಳಿಯಿತಲ್ಲ, ಅದನ್ನಾದರೂ ಕಳೆಯಿರಿ ಅಂತ.