ಮುಂದಿನ ಸಾಲಿನ ಆಯಿಗೆ ಮಾತು ಕೇಳಸಬೇಕು

ಗದಗ ಕಡೆ ಒಂದ್ ಹಳ್ಳ್ಯಾಗ ಜಾತ್ರಿ ರಸಮಂಜರಿ ಇತ್ತು, ಆರ್ಕೆಸ್ಟ್ರಾದವ್ರ ನಡುವ ನಮಗ 20 ನಿಮಿಷ ಕೊಟ್ಟಿದ್ರು. ನಾವು ಮೂರು ಮಂದಿ, ನಾನು, ನನ್ನ ಜೋಡಿ ರ‍್ಯಾಪ್ ಮಾಡೋ ದೋಸ್ತ, ಆಮ್ಯಾಲ ಲ್ಯಾಪ್‌ಟಾಪ್‌ನಿಂದ ಬೀಟ್ ಬಿಡೋ ಹುಡುಗ. ಹುಬ್ಬಳ್ಳಿ ಬಿಡೋದ ತಡ ಆಗಿತ್ತು, ಹೋದಾವ್ರು ಸೀದಾ ಸ್ಟೇಜ್ ಹತ್ತಿ ನಾಕು ಹಾಡು ಹೊಡದ್ವಿ, ಹಿಂದ ನಿಂತಿದ್ದ ಹುಡುಗರು ಸೀಟಿ ಹೊಡದ್ರು, ಮೊಬೈಲ್ ಟಾರ್ಚ್ ಹಚ್ಚಿ ಆಡ್ಸಿದ್ರು, ನಮಗ ಭಾಳ ಖುಷಿ. ಇಳದು ಬಂದು ಗುಡಿ ಕಟ್ಟಿ ಮ್ಯಾಲೆ ಕುಂತು ನೀರು ಕುಡ್ಯಾಕತ್ತಿದ್ವಿ, ಮುಂದಿನ ಸಾಲಿನ್ಯಾಗ ಚಾಪಿ ಹಾಸ್ಕೊಂಡು ಕುಂತಿದ್ದ ಆಯಿ ಒಬ್ಬಾಕಿ ಮೊಮ್ಮಗನ್ನ ಬಗಲಾಗ ಎತ್ಕೊಂಡು ಬಂದು ಅಂದ್ಲು, "ಚಲೋ ಕುಣದ್ರೆಪಾ, ಖರೇ ಏನ್ ಅಂದ್ರಿ ಅದೊಂದ್ ತಿಳೀಲಿಲ್ಲ ನೋಡ್ರಪಾ."

ಅವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ. ಯಾಕಂದ್ರ ಆ ಮೂರನೇ ಹಾಡು ನಮ್ಮವ್ವನ ಮ್ಯಾಲೆ ಬರದಿದ್ದು. ನಮ್ಮ ಊರು ಬ್ಯಾಡಗಿ, ನಮ್ಮವ್ವ ಸೀಜನ್ನಿನ್ಯಾಗ ಮೆಣಸಿನಕಾಯಿ ತುಂಬು ಬಿಡಸಾಕ ಹೋಗ್ತಿದ್ಲು, ದಿನಾ ಕೂತು ಬಿಡ್ಸಿ ಬಿಡ್ಸಿ ಸಂಜೀಮುಂದ ಬಂದ್ಮ್ಯಾಲ ಕೈ ಉರಿ ತಡ್ಯಾಕಾಗ್ದ ತಣ್ಣೀರಾಗ ಅದ್ಕೊಂಡು ಕುಂದ್ರೋದನ್ನ ನಾನು ಸಣ್ಣಾಂವ ಇದ್ದಾಗ ನೋಡೀನಿ, ಹಾಡಿನ್ಯಾಗ ಅದ ಐತಿ. ಆ ಆಯಿ ಕೈ ನೋಡಿದ್ರ ಅಂಥಾದ ಕೆಲಸ ಮಾಡಿದ ಕೈ. ಆಕಿಗೆ ತಿಳೀಬೇಕಾಗಿದ್ದ ಹಾಡು ಆಕಿಗೇ ತಿಳೀಲಿಲ್ಲ ಅಂದ್ರ ನಾವು ಅಲ್ಲಿತನಕ ಹೋಗಿ ಮಾಡಿದ್ದೇನು. ಭಜನಿ ಪದ, ಸಿನಿಮಾ ಹಾಡು ಆದ್ರ ಮಾತು ಅರ್ಧ ತಿಳೀಲಿಲ್ಲ ಅಂದ್ರೂ ಧಾಟಿ ಐತಿ, ರಾಗ ಐತಿ, ಮನಸ್ಸಿಗೆ ಮುಟ್ಟತೈತಿ, ರ‍್ಯಾಪಿಗೆ ಹಂಗಿಲ್ಲ, ಮಾತ ಅದರ ಆಸ್ತಿ, ಅದು ಕೇಳ್ಸಲಿಲ್ಲ ಅಂದ್ರ ಉಳಿಯೂದು ಬರೇ ಗದ್ದಲ.

ಇದನ್ನ ಈಗ ಯಾಕ ಬರ್ಯಾಕತ್ತೀನಿ ಅಂದ್ರ ಹೊಸದಾಗಿ ಶೋ ಚಾಲೂ ಮಾಡಿರೋ ಹುಡುಗರು ಧಾರವಾಡ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ಫೋನ್ ಮಾಡಿ ಕೇಳ್ತಾರ, ಅಣ್ಣಾ ಬೀಟ್ ಎಲ್ಲಿ ಮಾಡ್ಸಿದ್ರಿ, ಮೈಕ್ ಯಾವ್ದು, ವಿಡಿಯೋ ಯಾರು ಮಾಡ್ತಾರ ಅಂತ. ಅವೆಲ್ಲಾ ಆಮ್ಯಾಲಿಂದ್ವು.

ಆ ಶೋದಾಗ ತಪ್ಪಿದ್ದೇನು ಅಂತ ನಮಗ ತಿಳಿಸಿದಾವ್ರು ಒಬ್ಬ ಸೌಂಡ್ ಸಿಸ್ಟಮ್ ಕಾಕಾ. ಮುಂದಿನ ತಿಂಗಳು ಹಾವೇರಿ ಕಡೆ ಒಂದ್ ಗಣಪತಿ ಕಾರ್ಯಕ್ರಮ ಇತ್ತು, ಈ ಸಲ ಬೇಕಂತ ನಾಕು ತಾಸು ಮದ್ಲ ಹೋದ್ವಿ, ಪೆಂಡಾಲ ಕಟ್ಟಾಕತ್ತಿದ್ರು, ಕಾಕಾ ವೈರ್ ಎಳ್ಯಾಕತ್ತಿದ್ರು, ನಾವೂ ಬಾಕ್ಸ್ ಹೊರಾಕ ಕೈ ಹಚ್ಚಿದ್ವಿ. ಚಹಾ ಕುಡ್ಯಾಗ ಗದಗ ಕಡೀದು ಹೇಳ್ದೆ. ಅವ್ರು ಒಂದ ಮಾತು ಕೇಳಿದ್ರು, "ನಿಮ್ಮ ಕಾಲ ಹತ್ರ ಸ್ಪೀಕರ್ ಇತ್ತೇನೋ ತಮ್ಮಾ?" ಇರಲಿಲ್ಲ. ಎಲ್ಲಾ ಸ್ಪೀಕರು ಮುಂದ, ಮಂದಿ ಕಡೆ ಮುಖ ಮಾಡಿ, ಇನ್ನೆರಡು ಹಾರ್ನ್ ದೂರ ಅಗಸಿ ಕಡೆ ಕಟ್ಟಿದ್ರು. ನಾವು ಕೇಳಿ ಹಾಡ್ತಿದ್ದಿದ್ದು ಆ ದೂರದ ದನಿ. ದನಿ ಒಂದ್ ಸೆಕೆಂಡಿಗೆ ಸುಮಾರು 340 ಮೀಟರ್ ಓಡತೈತಿ, ಅಂದ್ರ 35 ಮೀಟರ್ ದೂರದ ಹಾರ್ನಿನ ದನಿ ನಮ್ಮ ಕಿವಿಗೆ ಬರಾಕ ಸೆಕೆಂಡಿನ ಹತ್ತರಾಗ ಒಂದ್ ಪಾಲು ಬೇಕು. ಕೇಳಾಕ ಏನೂ ಅಲ್ಲ ಅನಸ್ತೈತಿ. ಖರೇ ನಿಮಿಷಕ್ಕ 90 ಹೊಡತದ ಬೀಟ್ ಇದ್ರ ಒಂದೊಂದು ಹೊಡತಕ್ಕ ಸಿಗೋದು ಸೆಕೆಂಡಿನ ಮೂರರಾಗ ಎರಡು ಪಾಲು, ಅಷ್ಟರಾಗ ನಾವು ನಾಕು ಅಕ್ಷರ ಕುಂದ್ರಸ್ತೀವಿ, ಅಂದ್ರ ಒಂದ್ ಅಕ್ಷರದ ಅರ್ಧಕ್ಕಿಂತ ಜಾಸ್ತಿ ತಡ ಆಗಿ ಬೀಟ್ ನಮಗ ಕೇಳಸ್ತಿತ್ತು, ನಾವು ಅದಕ್ಕ ಹೊಂದಿಸ್ಕೊಂಡು ಹಿಂದ ಬೀಳ್ತಿದ್ವಿ, ಮುಂದ ಕುಂತಾವ್ರಿಗೆ ಬೀಟ್ ಒಂದ್ ಕಡೆ, ಮಾತು ಒಂದ್ ಕಡೆ. ಆಯಿಗೆ ಹೆಂಗ ತಿಳೀಬೇಕು.

ಅವತ್ತಿಂದ ಸ್ಟೇಜ್ ಹತ್ತೋ ಮದ್ಲ ಕೇಳೋದು ಒಂದ, ಕಾಲ ಹತ್ರ ಒಂದ್ ಸ್ಪೀಕರ್ ನಮ್ಮ ಕಡೆ ಮುಖ ಮಾಡಿ ಇಡ್ರಿ ಅಂತ. ಸಣ್ಣದಿದ್ರೂ ನಡೀತೈತಿ. ಇಲ್ಲ ಅಂದ್ರ ನಮ್ಮದ ಒಂದ್ ಸಣ್ಣ ಸ್ಪೀಕರ್ ಗಾಡ್ಯಾಗ ಇರತೈತಿ, ಅದಕ್ಕ ಬ್ಲೂಟೂತ್ ಅಲ್ಲ, ವೈರ್ ಹಚ್ಚಬೇಕು, ಬ್ಲೂಟೂತ್ ತಾನ ತಡ ಮಾಡತೈತಿ.

ಕಾಕಾ ಇನ್ನೊಂದು ಕಲಿಸಿದ್ರು, ಬಾಯಿ ಮಾತಿಲೆ ಅಲ್ಲ, ಕೈ ಹಿಡದು. ನಾನು ಮೈಕ್ ಹಿಡಿಯೋದು ಮ್ಯಾಲಿನ ಜಾಳಗಿ ಮುಚ್ಚಿ, ವಿಡಿಯೋದಾಗ ದೊಡ್ಡ ದೊಡ್ಡ ರ‍್ಯಾಪರ್‌ಗಳು ಹಂಗ ಹಿಡಿಯೋದು ನೋಡಿ ರೂಢಿ ಆಗಿತ್ತು. ಸೌಂಡ್ ಚೆಕ್ ಮಾಡೋ ಮುಂದ ಕುಂಯ್ ಅಂತ ಒದರಾಕತ್ತಿತು. ಕಾಕಾ ಸ್ಟೇಜ್ ಹತ್ತಿ ಬಂದು ನನ್ನ ಬೆರಳು ಒಂದೊಂದ ಬಿಡ್ಸಿ ಕೆಳಗ ಹಿಡಿ ಮ್ಯಾಲೆ ಇಟ್ರು, ಮೈಕ್ ಬಾಯಿಗೆ ಎರಡು ಬೆರಳು ಅಂತರ ಬಿಡ್ಸಿದ್ರು, ಈಗ ಮಾತಾಡು ಅಂದ್ರು. ಅದ ಮೈಕ್, ಅದ ನಾನು, ದನಿ ಪೂರಾ ಬ್ಯಾರೆ. ಆ ಥರದ ಮೈಕಿಗೆ ಜಾಳಗಿ ಹಿಂಬದಿ ಸಣ್ಣ ದಾರಿ ಇರತಾವ, ಅದರಿಂದನ ಅದು ಎದುರಿನ ದನಿ ತೊಗೊಂಡು ಹಿಂದಿಂದು ಬಿಡತೈತಿ, ಮುಚ್ಚಿದ್ರ ಸುತ್ತಮುತ್ತಲಿಂದೆಲ್ಲಾ ಎಳ್ಕೊಳ್ಳಾಕ ಹತ್ತತೈತಿ, ಸ್ಪೀಕರಿನ ದನೀನೂ ಸೇರಿ. ಐದು ವರ್ಷ ರೂಮಿನ್ಯಾಗ ಪ್ರಾಕ್ಟೀಸ್ ಮಾಡಿದ್ರೂ ಇದು ತಿಳಿದಿರಲಿಲ್ಲ.

ಆಮ್ಯಾಲ ಬೇಸ್. ಈಗಿನ ಬೀಟಿನ್ಯಾಗ ಆ ಉದ್ದಕ ಗುಂಯ್ ಅನ್ನೋ ಬೇಸ್ ಐತಲ್ಲ, 808 ಅಂತಾರ, 1980ರಾಗ ಬಂದ ರೋಲ್ಯಾಂಡ್ ಕಂಪನಿ ಡ್ರಮ್ ಮಷೀನಿನ ಹೆಸರು ಅದು, ಹೆಡ್‌ಫೋನಿನ್ಯಾಗ ಕೇಳಾಕ ಎದಿ ನಡಗಸ್ತೈತಿ. ಖರೇ ಜಾತ್ರಿ ಬೇಸ್ ಬಾಕ್ಸಿನ್ಯಾಗ ಅದು ಗಂಡಸರ ದನಿ ಮ್ಯಾಲೆ ಕುಂತು ಬಿಡತೈತಿ. ಅದಕ್ಕ ನಾವು ಶೋಕ್ಕ ಅಂತ ಬ್ಯಾರೆ ಫೈಲ್ ಮಾಡೀವಿ, ಬೇಸ್ ಇಳ್ಸಿ, ನಮ್ಮ ರೆಕಾರ್ಡ್ ದನಿ ಪೂರಾ ತಗದು. ಮದ್ಲೆಲ್ಲಾ ಪೂರಾ ಹಾಡು ಹಿಂದ ಹಚ್ಚಿ ಅದರ ಮ್ಯಾಲೆ ಒದರ್ತಿದ್ವಿ, ಅದೂ ಒಂದ್ ಕಾರಣ, ಎರಡೆರಡು ದನಿ ಒಂದರ ಮ್ಯಾಲೆ ಒಂದ್ ಬಿದ್ರ ಒಂದೂ ತಿಳ್ಯಾಂಗಿಲ್ಲ.

ದನಿ ತಗದ್ಮ್ಯಾಲ ದೊಡ್ಡ ತ್ರಾಸು ಗೊತ್ತಾತು, ಉಸರು. ರೆಕಾರ್ಡ್ ಮಾಡೋ ಮುಂದ ಎರಡೆರಡು ಸಾಲು ಹಾಡಿ ಜೋಡಿಸ್ತೀವಿ, ಸ್ಟೇಜಿನ್ಯಾಗ 16 ಸಾಲು ಒಂದ ಬೀಸಿನ್ಯಾಗ ಅನ್ನಬೇಕು, ಕುಣೀಬೇಕು, ಧೂಳ ಬ್ಯಾರೆ. ಒಂಬತ್ತನೇ ಸಾಲಿಗೆ ಬರೋದ್ರಾಗ ನನ್ನ ಮಾತಿನ ಬಾಲ ಕಟ್ ಆಗ್ತಿದ್ವು. ಇದಕ್ಕ ಔಷಧ ಸಿಕ್ಕಿದ್ದು ನಮ್ಮ ಕಡೆ ಗೀಗೀ ಮೇಳದಾಗ. ಸಣ್ಣಾಂವ ಇದ್ದಾಗಿಂದ ಕೇಳಿದ್ದ, ಖರೇ ಈ ಕಣ್ಣಿಲೆ ಯಾವತ್ತೂ ನೋಡಿರಲಿಲ್ಲ. ಮುಂದಿನಾಂವ ದಪ್ಪು ಹಿಡದು ಪದ ಎಳೀತಾನ, ಸಾಲಿನ ತುದಿಗೆ ಬಂದ ಕೂಡ್ಲೆ ಹಿಂದಿನಾವ್ರು "ಗೀಯ ಗೀಯ ಗಾಗೀಯ ಗೀಯ" ಅಂತ ಎತ್ಕೋತಾರ, ತುಂತುಣಿ ನಡದ ಇರತೈತಿ, ಅಷ್ಟರಾಗ ಮುಂದಿನಾಂವ ಉಸರು ತೊಗೊಂಡು, ಮಂದಿ ಮುಖ ನೋಡಿ, ಮುಂದಿನ ಮಾತಿಗೆ ತಯಾರ್ ಆಗಿರ್ತಾನ. ರಾತ್ರಿ ಬೆಳತನಕ ಹಾಡಿದ್ರೂ ಮಾತು ಒಂದೂ ತಪ್ಪಾಂಗಿಲ್ಲ. ಹರದೇಶಿ ನಾಗೇಶಿ ಅಂತ ಎರಡು ಪಕ್ಷ ಆಗಿ ಸವಾಲ್ ಜವಾಬ್ ಬಿದ್ರಂತೂ ಇನ್ನೂ ಚೂಪು, ಯಾಕಂದ್ರ ಎದುರಿನಾವ್ರಿಗೆ ಮಾತು ತಿಳೀಲಿಲ್ಲ ಅಂದ್ರ ಜವಾಬ್ ಹೆಂಗ ಬರಬೇಕು.

ನಾವು ಅದನ್ನ ಹಂಗ ತೊಗೊಂಡ್ವಿ. ನಾನು ಹಾಡೋ ಮುಂದ ಸಾಲಿನ ಕಡೀ ಮಾತು ದೋಸ್ತ ಎತ್ಕೋತಾನ, ಅಂವ ಹಾಡೋ ಮುಂದ ನಾನು. ಮಂದಿಗೆ ಕಡೀ ಮಾತು ಎರಡ ಸಲ ಕೇಳಸ್ತೈತಿ, ನಮಗ ಉಸರು ಸಿಗತೈತಿ. ಎಲ್ಲೆ ಉಸರು ಅನ್ನೋದನ್ನ ಈಗ ಬರಿಯೋ ಮುಂದನ ವಹಿಯಾಗ ಗೆರಿ ಹೊಡದು ಗುರ್ತು ಮಾಡ್ತೀನಿ, ಅಲ್ಲೆ ಗೆರಿ ಹೊಡ್ಯಾಕ ಜಾಗ ಇಲ್ಲ ಅಂದ್ರ ಸಾಲು ಎಷ್ಟ ಚಲೋ ಇದ್ರೂ ಒಡೀತೀನಿ. ಒಬ್ರು ಹಿರ್ಯಾರು ಕೇಳಿದ್ರು, ಈ ರ‍್ಯಾಪ್ ಅನ್ನೋದು ಎಲ್ಲಿಂದ ಬಂತೋ ತಮ್ಮಾ ಅಂತ. ನ್ಯೂಯಾರ್ಕಿನ ಬ್ರಾಂಕ್ಸ್ ಅನ್ನೋ ಕಡೆ 1973ರ ಆಗಸ್ಟ್ 11ಕ್ಕ ಡಿಜೆ ಕೂಲ್ ಹರ್ಕ್ ತಂಗಿ ಜೋಡಿ ಸೇರಿ ಮಾಡಿದ ಪಾರ್ಟಿಯಿಂದ ಲೆಕ್ಕ ಹಿಡೀತಾರ್ರಿ ಅಂದೆ, ಅಂವ ಹಾಡಿನ್ಯಾಗ ಬರೇ ಬಾಜಾ ಬರೋ ತುಣುಕನ್ನ ಎರಡು ರೆಕಾರ್ಡಿನ ಮ್ಯಾಲೆ ತಿರುಗಿ ತಿರುಗಿ ಉದ್ದ ಮಾಡ್ತಿದ್ದ, ಮಗ್ಗಲ ಮೈಕ್ ಹಿಡದಾಂವ ಬಂದ ಗೆಳ್ಯಾರ ಹೆಸರು ಹಿಡದು ಕರದು ಹುರುಪು ತುಂಬ್ತಿದ್ದ, ಮಾತು ಅಲ್ಲಿಂದ ಬೆಳದದ್ದು. ಹಿರ್ಯಾರು ಕೇಳಿ, "ಹಂಗಾರ ಅವ್ರೂ ಮೇಳದವ್ರ ಅನ್ನು" ಅಂದ್ರು. ಆ ಮಾತು ನನಗ ಭಾಳ ಹಿಡಿಸ್ತು.

ಮಂದಿ ಕುಂದ್ರೋ ರೀತಿನೂ ನೋಡ್ಕೋಬೇಕು. ಕಾಲೇಜ್ ಗ್ಯಾದರಿಂಗ್ ಆದ್ರ ಮುಂದ ಹುಡುಗರು ನಿಂತಿರ್ತಾರ, ಮದ್ಲ ಹಾಡಿನಿಂದನ ಜೋರ ಬಿಡಬಹುದು. ಜಾತ್ರ್ಯಾಗ ಹಂಗಲ್ಲ, ಮುಂದ ಚಾಪಿ ಮ್ಯಾಲೆ ಹೆಣ್ಮಕ್ಕಳು, ಸಣ್ಣ ಹುಡುಗರು, ಮಗ್ಗಲ ಕಟ್ಟಿ ಮ್ಯಾಲೆ ಹಿರ್ಯಾರು, ನಮ್ಮ ಹಾಡು ಗೊತ್ತಿರೋ ಹುಡುಗರು ಕಟ್ಟಕಡೀಗೆ ಬೈಕ್ ಮ್ಯಾಲೆ. ನಾವು ಇಷ್ಟ ದಿನ ಬೈಕ್ ಮ್ಯಾಲಿನಾವ್ರಿಗೆ ಹಾಡಾಕತ್ತಿದ್ವಿ, ಮುಂದಿನಾವ್ರ ತಲಿ ಮ್ಯಾಲಿಂದ. ಈಗ ಮದ್ಲ ಹಾಡು ಅವ್ವಂದು, ನಿಧಾನಕ, ಬೀಟ್ ಬರೇ ಹಲಗಿ. ಅದೂ ನಮ್ಮ ಮಾತಿನ್ಯಾಗ. ಮದ್ಲ ಬೆಂಗಳೂರಿನಾವ್ರ ಥರ "ಇದೆ, ಅಲ್ವಾ" ಅಂತ ಬರೀತಿದ್ದೆ, ಈಗ "ಐತಿ, ಹೌದಲ್ಲೋ". ಅಷ್ಟ ಬದಲ ಮಾಡಿದ್ದಕ್ಕ ಮುಖಗಳು ಮ್ಯಾಲೆದ್ದು ನೋಡ್ತಾವ.

ರೊಕ್ಕದ ಮಾತು ಹೇಳಲೇಬೇಕು. ಒಂದ್ ಕಡೆ 6,000 ಅಂತ ಮಾತಾಗಿ ಕೈಗೆ ಬಂದಿದ್ದು 2,500, ಉಳದಿದ್ದು ನಾಳೆ ಅಂದಿದ್ದು ಇವತ್ತಿಗೂ ಬಂದಿಲ್ಲ. ಈಗ ಅರ್ಧ ಸಂಚಕಾರ ಫೋನ್‌ಪೇದಾಗ ಬಿದ್ದ ಮ್ಯಾಲ ತಾರೀಖು ಹಿಡೀತೀವಿ, ಎಷ್ಟೊತ್ತಿಗೆ ಸ್ಟೇಜು, ಎಷ್ಟು ಮೈಕು, ಊಟ, ಗಾಡಿ ಬಾಡಿಗಿ ಯಾರದ್ದು ಅನ್ನೋದೆಲ್ಲಾ ವಾಟ್ಸಾಪಿನ್ಯಾಗ ಬರದು ಅವ್ರ ಕಡೆ ಹೂಂ ಅನ್ನಿಸ್ಕೋತೀವಿ. ಎಷ್ಟೊತ್ತಿಗೆ ಅನ್ನೋದು ಮುಖ್ಯ, ಯಾಕಂದ್ರ ಕಾಯ್ದೆ ಪ್ರಕಾರ ರಾತ್ರಿ 10ಕ್ಕ ಲೌಡ್‌ಸ್ಪೀಕರ್ ಬಂದ್ ಆಗಬೇಕು, ವರ್ಷದಾಗ ಕೆಲವು ಹಬ್ಬಕ್ಕಷ್ಟ 12ರ ತನಕ ಪರವಾನಿಗಿ ಸಿಗತೈತಿ, ಭಾಷಣ ಉದ್ದ ಆದ್ರ ಮದ್ಲ ಕತ್ತರಿ ಬೀಳೋದು ನಮ್ಮ 20 ನಿಮಿಷಕ್ಕ.

ಆನ್‌ಲೈನ್ ರೊಕ್ಕ ನಂಬಿ ಕುಂದ್ರಬ್ಯಾಡ್ರಿ, ಸ್ಪಾಟಿಫೈ 2024ರಿಂದ 12 ತಿಂಗಳದಾಗ 1,000 ಸಲ ಕೇಳದ ಹಾಡಿಗೆ ರಾಯಲ್ಟಿ ಕೊಡಾಂಗಿಲ್ಲ. ಯೂಟ್ಯೂಬಿನ್ಯಾಗ ಫ್ರೀ ಅಂತ ಹಾಕಿರೋ ಬೀಟ್ ತೊಗೊಂಡು ಹಾಡು ಬಿಡಬ್ಯಾಡ್ರಿ, ಅದು ಭಾಳ ಸಲ ಬರೇ ಪ್ರಾಕ್ಟೀಸಿಗೆ ಫ್ರೀ ಇರತೈತಿ, ನಮ್ಮ ಒಂದ್ ಹಾಡು ಅದರಿಂದನ ಇಳ್ಸಬೇಕಾತು. ಸ್ವಂತ ಬರಿಯಾವ್ರು ಐಪಿಆರ್‌ಎಸ್‌ದಾಗ ಸದಸ್ಯರಾಗ್ರಿ, ಹಾಡು ಬರದಾವ್ರಿಗೆ, ಸಂಗೀತ ಮಾಡಿದಾವ್ರಿಗೆ ರಾಯಲ್ಟಿ ವಸೂಲಿ ಮಾಡಿ ಕೊಡೋ ಸಂಸ್ಥೆ, 1969ರಿಂದ ಐತಿ.

ಉಳದ ದಿನ ನಾನು ಹುಬ್ಬಳ್ಳಿ ಫ್ಲೆಕ್ಸ್ ಅಂಗಡ್ಯಾಗ ಡಿಸೈನ್ ಕೆಲಸ ಮಾಡ್ತೀನಿ, ನವಂಬರ್ ರಾಜ್ಯೋತ್ಸವ ಬಂತಂದ್ರ ಹಗಲಿ ಮಂದಿ ಕಾರ್ಯಕ್ರಮದ ಬ್ಯಾನರ್, ರಾತ್ರಿ ನಮ್ಮ ಕಾರ್ಯಕ್ರಮ. ಮಾಲಕ್ರು ಒಳ್ಳೇವ್ರು, ಮುಂಜಾನೆ ಒಂದ್ ತಾಸು ತಡ ಆದ್ರ ಏನೂ ಅನ್ನಾಂಗಿಲ್ಲ. ಶೋ ಮದ್ಲ ಮಿರ್ಚಿ ಗಿರ್ಮಿಟ್ ತಿನ್ನಾಂಗಿಲ್ಲ ಅನ್ನೋದೊಂದು ನೇಮ ಐತಿ, ಗಂಟಲಕ್ಕ ಬಿಸಿನೀರು ಕಲ್ಲುಸಕ್ಕರಿ ಅಷ್ಟ, ಮುಗದ ಮ್ಯಾಲ ಎಷ್ಟ ಬೇಕಾದ್ರೂ.

ಹೋದ ವಾರ ಅಣ್ಣಿಗೇರಿ ಹತ್ರ ಒಂದ್ ಊರಾಗ ಇತ್ತು. ಸ್ಪೀಕರ್ ಹಚ್ಚಿದ ಮ್ಯಾಲ ದೋಸ್ತನ್ನ ಸ್ಟೇಜ್ ಮ್ಯಾಲೆ ಹಾಡಾಕ ಬಿಟ್ಟು ನಾನು ಹೋಗಿ ಹೆಣ್ಮಕ್ಕಳು ಕುಂದ್ರೋ ಜಾಗದಾಗ ನೆಲದ ಮ್ಯಾಲೆ ಕುಂತೆ, ಆಮ್ಯಾಲ ಕಟ್ಟಿ ಮ್ಯಾಲೆ, ಆಮ್ಯಾಲ ಹಿಂದ ಬೈಕ್ ನಿಲ್ಲೋ ಕಡೆ. ಮೂರೂ ಕಡೆ ಮಾತು ಕೇಳ್ತು, ಕಟ್ಟಿ ಮ್ಯಾಲೆ ಮಾತ್ರ ಒಂದ್ ಸಾಲು ಉಳೀಲಿಲ್ಲ, "ಮನಿ ಮುಂದಿನ ಮಣ್ಣಿನ ನೆನಪು" ಅನ್ನೋ ಸಾಲು, ಬರೇ ಮ, ನ, ಬೇಸಿನ್ಯಾಗ ಮುಳುಗಿ ಹೋಗ್ತಿತ್ತು. ರಾತ್ರಿ ಶೋ ಮುಗಿಸ್ಕೊಂಡು ಬರೋ ಮುಂದ ದೋಸ್ತ ಹಿಂದಿನ ಸೀಟಿನ್ಯಾಗ ಮಲ್ಕೊಂಡಿದ್ದ, ನಾನು ಮೊಬೈಲ್ ಬೆಳಕಿನ್ಯಾಗ ವಹಿ ತಗದು ಆ ಸಾಲು ಹೊಡದು ಹಾಕಿ "ಕಟ್ಟಿ ಮ್ಯಾಲೆ ಕುಂತ ಕತಿ" ಅಂತ ಬರ್ಕೊಂಡೆ. ಕ, ತ, ಟ ಇದ್ರ ದೂರ ಕೇಳತಾವ. ಅಂದ್ ನೋಡ್ದೆ, ಗಾಡಿ ಹೊಡಿಯಾಂವ ತಿರುಗಿ, "ಯಾರ ಕತಿ ಅಣ್ಣಾ?" ಅಂತ ಕೇಳ್ದ.