ಸೂರ್ಯ ಒಡೆದುಹೋದ ಹದಿನೇಳು ದಿನ

ನಿನ್ನೆ ರಾತ್ರಿ 11.40ಕ್ಕೆ ಸೂರ್ಯ ಕೊನೆಗೂ ಒಂದಾದ. ಹದಿನೇಳು ದಿನದಿಂದ, ವಿಡಿಯೊದ ಅಡಿಬರಹದಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ ಅವನು 'ಸೂರ್‌ಯ' ಆಗಿ ಬಿದ್ದಿದ್ದ. ನಾನು ಮಾಡುವ ಪಾಠದ ಸರಣಿಯ ಆರನೇ ವಿಡಿಯೊ, ಶೂನ್ಯ ನೆರಳಿನ ದಿನದ (ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳು ಮಾಯವಾಗುವ ದಿನ) ಬಗ್ಗೆ, ಮೂರು ನಿಮಿಷದ್ದು. ಅದರಲ್ಲಿ 'ಸೂರ್ಯ' ಅನ್ನೋ ಪದ ಇಪ್ಪತ್ತೆರಡು ಸಲ ಬರುತ್ತದೆ. ಹಾಗಾಗಿ ಇಪ್ಪತ್ತೆರಡು ಸಲ ಹೊಟ್ಟೆ ಉರಿ.

ಶೂಟಿಂಗ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಏಪ್ರಿಲ್ 24, ಬೆಂಗಳೂರು, ಮನೆ ತಾರಸಿ, ಪ್ಲಂಬರ್ ಬಿಟ್ಟುಹೋಗಿದ್ದ ಪಿವಿಸಿ ಪೈಪಿನ ತುಂಡು. ಮಧ್ಯಾಹ್ನ 12.17ರ ಹೊತ್ತಿಗೆ ನೆರಳು ಪೈಪಿನ ಬುಡದೊಳಗೆ ಸೇರಿಕೊಂಡಿತು, ಟೈಮ್‌ಲ್ಯಾಪ್ಸ್ ಸಿಕ್ಕಿತು. ಗಡಿಯಾರದ ಹನ್ನೆರಡಕ್ಕೆ ಯಾಕಲ್ಲ ಅಂತ ಕೇಳುವವರಿಗೆ ವಿಡಿಯೊದಲ್ಲೇ ಉತ್ತರ ಇದೆ: ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಅದಕ್ಕೆ ಸುಮಾರು ಐದು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷ ತಡ.

ಗೊಣಗಲೇಬೇಕಾದದ್ದು ಒಂದಿದೆ, ಮೇಲಿನಿಂದ ಚಿತ್ರ ತೆಗೆಯೋಕೆ ತರಿಸಿದ ಸ್ಟ್ಯಾಂಡು. ಜಾಹೀರಾತಿನಲ್ಲಿ 'ಹೆವಿ ಡ್ಯೂಟಿ'. ಬಂದದ್ದರ ಕುತ್ತಿಗೆ ಸ್ಕ್ರೂ ಮೊದಲ ದಿನವೇ ಸವೆದು, ಫೋನು ಸಭ್ಯಸ್ಥನ ಹಾಗೆ ನಿಧಾನವಾಗಿ ತಲೆ ಬಾಗಿಸುತ್ತಿತ್ತು. ಮಾರಿದವನಿಗೆ ಫೋನ್ ಮಾಡಿದರೆ, 'ಸಾರ್, ನಿಮ್ ಫೋನ್ ಸ್ವಲ್ಪ ವೇಯ್ಟ್ ಜಾಸ್ತಿ ಅನ್ಸುತ್ತೆ' ಅಂದ. ಫೋನಿಗೆ ಡಯಟ್ ಮಾಡಿಸೋದಾ? ಕೊನೆಗೆ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಎರಡು ಕ್ಲಿಪ್ ಹಾಕಿ ಕೆಲಸ ಮುಗಿಸಿದೆ. ಅಲ್ಲಾಡಲಿಲ್ಲ.

ಈಗ ಅಸಲಿ ಕತೆ.

ನನ್ನ ವಿಡಿಯೊಗಳ ಖಾಯಂ ಪರೀಕ್ಷಕರು ಇಬ್ಬರು. ಒಬ್ಬಳು ಅಜ್ಜಿ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಪೇಪರಿನ ದಪ್ಪಕ್ಷರ ಮಾತ್ರ ಕೂಡಿಸಿಕೊಂಡು ಓದುತ್ತಾಳೆ. ಇನ್ನೊಬ್ಬ ಅಕ್ಕನ ಮಗ, ನಾಲ್ಕನೇ ಕ್ಲಾಸು, ಅವನದೂ ಹೆಚ್ಚುಕಡಿಮೆ ಅದೇ ವೇಗ. ಐದನೇ ವಿಡಿಯೊ ನೋಡುವಾಗ ಇಬ್ಬರೂ ಅಡಿಬರಹವನ್ನು ಗಟ್ಟಿಯಾಗಿ ಓದಲು ಹೊರಟು, ಅರ್ಧಕ್ಕೆ ಬರುವಷ್ಟರಲ್ಲಿ ಸಾಲು ಮಾಯ. 'ನೀನ್ಯಾಕೋ ಇಷ್ಟು ಅವಸರ ಮಾಡ್ತೀಯ' ಅಂತ ಅಜ್ಜಿ ಟಿವಿಗೇ ಬೈದಳು.

ಆಗ ನೆನಪಾದದ್ದು ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿಯವರು 1996ರಲ್ಲಿ ಹುಟ್ಟುಹಾಕಿದ ವಿಚಾರ: ಟಿವಿಯಲ್ಲಿ ಬರುವ ಸಿನಿಮಾ ಹಾಡಿಗೆ ಅದೇ ಭಾಷೆಯ ಅಡಿಬರಹ ಕೊಟ್ಟು, ಹಾಡಿದಂತೆಲ್ಲ ಪದದ ಬಣ್ಣ ಬದಲಿಸುವುದು. ನೋಡುವವರು ಹಾಡು ಕೇಳುತ್ತ ತಮಗೇ ಗೊತ್ತಿಲ್ಲದೆ ಓದುತ್ತಿರುತ್ತಾರೆ. ಅದನ್ನೇ ನನ್ನ ಮೂರು ನಿಮಿಷದ ಪಾಠಕ್ಕೂ ಹಾಕೋಣ ಅಂದುಕೊಂಡೆ. ಅಲ್ಲಿಗೇ ನಿಲ್ಲಬಹುದಿತ್ತು. ಪದಪದವಾಗಿ ಬೇಡ, ಅಕ್ಷರಕ್ಷರವಾಗಿ ಬಣ್ಣ ಬರಲಿ ಅಂತ ಆಸೆಪಟ್ಟೆ. ಆಸೆಯೇ ದುಃಖಕ್ಕೆ ಮೂಲ ಅಂದವರು ವಿಡಿಯೊ ಎಡಿಟ್ ಮಾಡಿರಲಿಕ್ಕೆ ಸಾಕು.

ವಿಡಿಯೊ ಎಡಿಟ್ ಮಾಡುವ ತಂತ್ರಾಂಶಗಳು ಕನ್ನಡದ ಒತ್ತಕ್ಷರವನ್ನು ಬಿಡಿಬಿಡಿಯಾಗಿ ಒಡೆದು ತೋರಿಸುತ್ತವೆ, ಆ ಗೋಳಿಗೆ ಹೆಚ್ಚು ಸಾಲು ಖರ್ಚು ಮಾಡುವುದಿಲ್ಲ. ಗೆಳೆಯನೊಬ್ಬ ಡಿಟಿಪಿ ಅಂಗಡಿಯವರ ಹಾಗೆ ಹಳೇ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ಹಾಕಿದ್ದು) ಹಾಕು ಅಂದ. ಹಾಕಿದೆ, ತೆರೆಯ ಮೇಲೆ ಚೆನ್ನಾಗಿ ಕೂತಿತು. ಆದರೆ ಅದರಲ್ಲಿ 'ಕನ್ನಡ' ಅಂತ ಟೈಪಿಸಿದರೆ ಯಂತ್ರಕ್ಕೆ ಕಾಣುವುದು ಪೌಂಡ್ ಚಿಹ್ನೆ ನಡುವೆ ಸಿಕ್ಕಿಕೊಂಡ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು. ಹುಡುಕಿದರೆ ಸಿಗಲ್ಲ, ಅಡಿಬರಹದ ಫೈಲಾಗಿ ಕೊಡೋಕಾಗಲ್ಲ. ಬಿಟ್ಟೆ.

ಹಾಗಾಗಿ ಅಡಿಬರಹವನ್ನು ಎಎಸ್‌ಎಸ್ ಅನ್ನೋ ಬಗೆಯ ಫೈಲಿನಲ್ಲಿ ಬರೆದು, ಎಫ್‌ಎಫ್‌ಎಂಪೆಗ್ ಅನ್ನೋ ತಂತ್ರಾಂಶದ ಮೂಲಕ ಚಿತ್ರದ ಮೇಲೇ ಸುಡುವುದು, ಅಂದರೆ ಅಚ್ಚೊತ್ತುವುದು. ಒಳಗೆ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ (ಪಾರ್ಸಿಯಲ್ಲಿ 'ತೆರೆದ ಅಕ್ಷರ' ಅಂತ ಅರ್ಥವಂತೆ, ಎಷ್ಟು ಚೆಂದದ ಹೆಸರು). ಸಾಲು ಇಡಿಯಾಗಿ ಕೊಟ್ಟಾಗ ಅಚ್ಚುಕಟ್ಟು. 'ಅಕ್ಷಾಂಶ', 'ರಾಷ್ಟ್ರ', 'ಸೂರ್ಯ', ಒಂದೂ ತಪ್ಪಲಿಲ್ಲ. ಕುಣಿದುಬಿಟ್ಟೆ.

ಬಣ್ಣಕ್ಕಾಗಿ ಕ್ಯಾರಿಯೋಕಿ ಟ್ಯಾಗ್ (ಯಾವ ತುಂಡಿಗೆ ಯಾವಾಗ ಬಣ್ಣ ಬರಬೇಕು ಅನ್ನುವ ಗುರುತು) ಹಾಕಿದ ಮೇಲೆ ಗೋಳು ಶುರು. ಟ್ಯಾಗ್ ಬಿದ್ದ ಕಡೆ ಪಠ್ಯ ತುಂಡಾಗುತ್ತದೆ, ತುಂಡುತುಂಡಿಗೂ ಪ್ರತ್ಯೇಕ ಜೋಡಣೆ. ಎಲ್ಲಿ ಕತ್ತರಿಸಬೇಕು ಅನ್ನೋದು ಸರಿ ಇದ್ದರೆ ತೊಂದರೆಯಿಲ್ಲ. 'ಸೂರ್ಯ'ದಲ್ಲಿ ಯುನಿಕೋಡ್ (ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೂ ಸಂಕೇತ ಗೊತ್ತುಮಾಡುವ ಪದ್ಧತಿ) ಲೆಕ್ಕಕ್ಕೆ ಐದು ಸಂಕೇತ: ಸ, ದೀರ್ಘದ ಕೊಂಬು, ರ, ಹಲಂತ, ಯ. ನಮ್ಮ ಲೆಕ್ಕಕ್ಕೆ ಎರಡೇ ಅಕ್ಷರ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ರೆಜೆಕ್ಸ್ ಲೈಬ್ರರಿಯಲ್ಲಿ ಪಠ್ಯವನ್ನು ಅಕ್ಷರಕ್ಷರವಾಗಿ ಬಿಡಿಸೋಕೆಂದೇ ಸಿದ್ಧ ಸೂತ್ರವಿದೆ, ಬ್ಯಾಕ್‌ಸ್ಲ್ಯಾಶ್ ದೊಡ್ಡ ಎಕ್ಸ್. ಕೊಟ್ಟೆ. ಬಂದದ್ದು 'ಸೂ', 'ರ್', 'ಯ'. ಮೂರು ತುಂಡು. ಅರ್ಕಾವೊತ್ತು ಹೋಗಿ ಸೂರ್ಯ ಒಡೆದ. 'ಅಕ್ಷಾಂಶ' ಹೋಗಿ 'ಅಕ್‌ಷಾಂಶ'.

ನಾಲ್ಕು ದಿನ ನನ್ನದೇ ತಪ್ಪು ಅಂದುಕೊಂಡೆ. ಫಾಂಟ್ ಬದಲಿಸಿದೆ: ನೋಟೊ, ತುಂಗಾ, ಬಾಲೂ ತಮ್ಮ. ಲೈಬ್ರರಿ ತೆಗೆದು ಮತ್ತೆ ಹಾಕಿದೆ. ಐದನೇ ದಿನ ಆಫೀಸಿನ ತೆಲುಗು ಗೆಳೆಯನ ಹತ್ತಿರ ಅವನ ಭಾಷೆಯಲ್ಲಿ 'ಸೂರ್ಯ' ಟೈಪ್ ಮಾಡಿಸಿ ಅದೇ ಸೂತ್ರಕ್ಕೆ ಕೊಟ್ಟೆ. ಎರಡೇ ತುಂಡು! ಸರಿಯಾಗಿ! ಅವನು ಕಾಫಿ ಕುಡಿಯುತ್ತ ನಕ್ಕ ನಗು ಇನ್ನೂ ಕಣ್ಣ ಮುಂದಿದೆ.

ಕಾರಣ ನಿಯಮದ ಪುಸ್ತಕದಲ್ಲೇ ಇತ್ತು. 2023ರಲ್ಲಿ ಬಂದ ಯುನಿಕೋಡ್ 15.1ರಲ್ಲಿ ಭಾರತೀಯ ಲಿಪಿಗಳ ಸಂಯುಕ್ತಾಕ್ಷರ ಒಡೆಯಬಾರದು ಅಂತ ಹೊಸ ನಿಯಮ ಸೇರಿಸಿದರು. ಅದು ಅನ್ವಯಿಸುವ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಇಲ್ಲ. ಪಟ್ಟಿಯನ್ನು ಎರಡು ಸಲ, ಆಮೇಲೆ ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದೆ. ಅಕ್ಕಪಕ್ಕದ ಮನೆಯವರಿಗೆಲ್ಲ ಮದುವೆ ಕರೆಯೋಲೆ, ನಮ್ಮ ಬಾಗಿಲಿಗೆ ಮಾತ್ರ ಇಲ್ಲ.

ಅಂದಮೇಲೆ ನಮ್ಮ ಅಡುಗೆ ನಾವೇ. ವ್ಯಂಜನ, ಅದರ ಹಿಂದೆ ಹಲಂತ-ವ್ಯಂಜನ ಎಷ್ಟು ಸಲ ಬಂದರೂ ಸರಿ, ಆಮೇಲೆ ಸ್ವರಚಿಹ್ನೆ, ಕೊನೆಗೆ ಬಿಂದು ಅಥವಾ ವಿಸರ್ಗ. ನಾಲ್ಕು ಸಾಲಿನ ಕೋಡು, ಒಂದು ಸಂಜೆಯ ಕೆಲಸ. ಅದನ್ನು ಮುಗಿಸಲು ಇನ್ನೊಂದು ವಾರ ಹಿಡಿದದ್ದು ಕಣ್ಣಿಗೆ ಕಾಣದ ಎರಡು ಭೂತಗಳಿಂದ. 'ಏಪ್ರಿಲ್‌ನಲ್ಲಿ' ಅನ್ನೋದರಲ್ಲಿ ಹಲಂತದ ಹಿಂದೆ ಒಂದು ಅಗೋಚರ ಸಂಕೇತ ಕೂತು, ಲ-ನ ಎರಡನ್ನೂ ಅಂಟದಂತೆ ಬೇರೆ ಇಡುತ್ತದೆ, ಅಲ್ಲಿ ಕತ್ತರಿಸಲೇಬೇಕು. 'ರ‍್ಯಾಂಕ್'ನಲ್ಲಿ ಇನ್ನೊಂದು ಅಗೋಚರ ಸಂಕೇತ ರಕ್ಕೂ ಹಲಂತಕ್ಕೂ ನಡುವೆ ನಿಂತು, ಅರ್ಕಾವೊತ್ತು ಬೇಡ, ಯ ಒತ್ತು ಕೆಳಗೆ ಬರಲಿ ಅನ್ನುತ್ತದೆ, ಅಲ್ಲಿ ಕತ್ತರಿಸಲೇಬಾರದು. ಮೊದಲ ಭೂತಕ್ಕೆ ಮದ್ದು ಕೊಟ್ಟರೆ ಎರಡನೆಯದು ಏಳುತ್ತಿತ್ತು. ಶೂನ್ಯ ನೆರಳಿನ ವಿಡಿಯೊದಲ್ಲಿ ರ‍್ಯಾಂಕ್ ಎಲ್ಲಿಂದ ಬಂತು ಅಂತ ಕೇಳಬೇಡಿ. ಪರೀಕ್ಷೆಗೆ ಹಾಕಿದ್ದೆ, ನೋಡದೆ ಬಿಟ್ಟರೆ ಏಳನೇ ವಿಡಿಯೊದಲ್ಲಿ ಕಚ್ಚುತ್ತದೆ.

ಆಮೇಲೆ ಸಮಯ. ಒಂದು ಪದ ಹೇಳಲು ಹಿಡಿದ ಹೊತ್ತನ್ನು ಅಕ್ಷರಗಳಿಗೆ ಹಂಚುವುದು ಹೇಗೆ? ಸಮನಾಗಿ ಹಂಚಿದರೆ ಬಣ್ಣ ದನಿಗಿಂತ ಹಿಂದೆಮುಂದೆ ಓಡುತ್ತಿತ್ತು. ಹಲ್ಲುಜ್ಜುವಾಗ ಹೊಳೆಯಿತು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು! 'ಅಕ್ಷಾಂಶ' ಅಂದರೆ ಎರಡು, ಎರಡು, ಒಂದು. ಒತ್ತಕ್ಷರದ ಹಿಂದಿನದು ಗುರು, ದೀರ್ಘ ಗುರು, ಬಿಂದು ಇದ್ದರೆ ಗುರು. ಪದದ ಸಮಯವನ್ನು ಐದು ಪಾಲು ಮಾಡಿ ಹಂಚಿದೆ, ದನಿಗೆ ಬಣ್ಣ ಅಂಟಿಕೊಂಡು ಓಡಿತು. ಯಮಾತಾರಾಜಭಾನಸಲಗಂ ಹೇಳದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಇಲ್ಲಿಂದಲೇ ಒಂದು ನಮಸ್ಕಾರ. ಇದು ಕೋಡಿನಲ್ಲಿ ಬರುತ್ತೆ ಅಂತ ಆಗಲೇ ಹೇಳಿದ್ದರೆ ಇನ್ನೂ ಸ್ವಲ್ಪ ಗಮನ ಕೊಡುತ್ತಿದ್ದೆ, ಸಾರ್.

ಇದರ ನಡುವೆಯೇ ಏಳನೆಯದರ ಹುಳ ತಲೆಗೆ ಹೊಕ್ಕಿದೆ. ನೆರಳು ಮಾಯವಾಗುವ ದಿನ ಊರಿಂದೂರಿಗೆ ಬೇರೆ: ಮೈಸೂರಿನಲ್ಲಿ ಏಪ್ರಿಲ್ 22ರ ಸುಮಾರಿಗೆ, ಹುಬ್ಬಳ್ಳಿಯಲ್ಲಿ ಮೇ 2ರ ಸುಮಾರಿಗೆ, ಬೀದರಿನಲ್ಲಿ ಮೇ 11ರ ಸುಮಾರಿಗೆ. ಮುಂದಿನ ವರ್ಷ ಒಂದೊಂದು ಊರಿನಿಂದ ಇಪ್ಪತ್ತು ಸೆಕೆಂಡಿನ ತುಣುಕು ತರಿಸಿ ಹೊಲಿದರೆ, ಸೂರ್ಯ ಕರ್ನಾಟಕದ ಮೇಲೆ ಬಡಗಣಕ್ಕೆ ನಡೆದು ಹೋಗುವುದು ಕಾಣುತ್ತದೆ. ಪೈಪಿನ ತುಂಡು ಇರುವವರು ಹೇಳಿ. ಬೆಂಗಳೂರಿನವರಿಗೆ ಆಗಸ್ಟ್ 18ಕ್ಕೆ ಇನ್ನೊಂದು ಅವಕಾಶ ಇದೆ, ಮೋಡ ಬಿಟ್ಟರೆ.

ಇವತ್ತು ಬೆಳಿಗ್ಗೆ ಕಾಫಿ ಹೊತ್ತಿಗೆ ಅಜ್ಜಿಯನ್ನೂ ಹುಡುಗನನ್ನೂ ಕೂರಿಸಿ ಹಾಕಿದೆ. ಬಣ್ಣ ಓಡಿತು, ಹಿಂದೆಯೇ ಇಬ್ಬರ ದನಿಯೂ ಓಡಿತು. 'ಸೂ-ರ್ಯ' ಬಂದಾಗ ನಾನು ಉಸಿರು ಬಿಟ್ಟೆ. ಎರಡೂವರೆ ನಿಮಿಷ ಎಲ್ಲೂ ಎಡವಲಿಲ್ಲ. ಕೊನೆಯ ಪರದೆಯಲ್ಲಿ, ದೊಡ್ಡ ಅಕ್ಷರದ ಶೀರ್ಷಿಕೆಗೆ ಬಂದು ಅಜ್ಜಿ ನಿಂತಳು.

'ಶೂ-ನ್ಯ... ನ-ರ-ಳು... ದಿ-ನ. ಯಾರೋ ನರಳ್ತಿರೋದು?'

ಹುಡುಗ ಸೋಫಾದಿಂದ ಜಾರಿ ಬಿದ್ದು ನಕ್ಕ. 'ಮಾಮ, ಏತ್ವ ಮರ್ತಿದೀಯ!'

ಹದಿನೇಳು ದಿನದಲ್ಲಿ ಆ ಪರದೆಯನ್ನು ಕಡಿಮೆಯೆಂದರೆ ನೂರು ಸಲ ನೋಡಿದ್ದೇನೆ. ಒತ್ತು ಮಾತ್ರ ನೋಡಿದ್ದೆ. ಈಗ ಮತ್ತೆ ರೆಂಡರ್‌ಗೆ ಹಾಕಿದ್ದೇನೆ, ಹನ್ನೊಂದು ನಿಮಿಷ ಅಂತ ತೋರಿಸುತ್ತಿದೆ.